ನಾಲ್ಕು ವರ್ಷದ ಇಂಜಿನಿಯರಿಂಗ್

ಇವಳೇ,

ನಿನ್ನ ಮಗಳ ಜೊತೆ ಏಗಿ ನನಗೆ ಸಾಕಾಗಿದೆ. ನೀನು ಹೋದ ಮೇಲೆ ಮನೆಯಲ್ಲಿ ಇರುವವರು ಇಬ್ಬರೇ, ಆದರೂ ಜಗಳಕ್ಕೆ ಕೊರತೆಯಿಲ್ಲ. ಇಂಜಿನಿಯರಿಂಗ್ ಓದಲು ಬ್ರಿಟನ್ನಿಗೇ ಹೋಗಬೇಕು ಎಂದಳು. ಸಾಲ ಮಾಡಿಯಾದರೂ ಕಳಿಸುತ್ತೇನೆ, ಕೈಗೆಟುಕುವಂಥದ್ದನ್ನು ಹುಡುಕು ಎಂದೆ. ಇವತ್ತು ಸಂಜೆ ಇಸ್ತ್ರಿ ಮೇಜಿನ ಮೇಲಿದ್ದ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಸೀಟು ಕೊಟ್ಟವುಗಳಲ್ಲಿ ಕೊನೆಗೆ ಉಳಿದದ್ದು ಎರಡು ವಿಶ್ವವಿದ್ಯಾಲಯ. ಒಂದು ದೊಡ್ಡ ಊರಿನದು, ದುಬಾರಿ, ಮೂರು ವರ್ಷ. ಇನ್ನೊಂದು ಉತ್ತರದ ಚಿಕ್ಕ ಊರಿನದು, ಅಗ್ಗ. ಆದರೆ ನಡುವೆ ಒಂದು ವರ್ಷ ಕಾರ್ಖಾನೆಯಲ್ಲಿ ಸಂಬಳದ ಕೆಲಸವೂ ಸೇರಿ ನಾಲ್ಕು ವರ್ಷ.

“ದೊಡ್ಡ ಊರಿಂದೇ ಇರಲಿ,” ಎಂದೆ.

“ತರಕಾರಿಯವನ ಹತ್ರ ಅರ್ಧ ಗಂಟೆ ಚೌಕಾಸಿ ಮಾಡೋನು ನೀನು. ಈಗೇನಪ್ಪ ಇಷ್ಟು ಧಾರಾಳ?”

“ಆ ಚಿಕ್ಕ ಊರಲ್ಲಿ ಚಳಿ ಜಾಸ್ತಿ.”

“ಎರಡೂ ಕಡೆ ಚಳೀನೇ. ಸರಿಯಾದ ಕಾರಣ ಹೇಳು.”

ಚಳಿಯನ್ನೇ ಹಿಡಿದುಕೊಂಡು ಕೂತೆ. ಥೇಟ್ ನಿನ್ನ ಹಾಗೆ ಸೊಂಟದ ಮೇಲೆ ಕೈಯಿಟ್ಟು ದುರುಗುಟ್ಟಿದಳು. ನೀನಾಗಿದ್ದರೆ ಒಂದೇ ನೋಟಕ್ಕೆ ತಿಳಿದುಬಿಡುತ್ತಿತ್ತು. ಒಬ್ಬನೇ ಉಳಿಯುವವನಿಗೆ ಮೂರಕ್ಕಿಂತ ನಾಲ್ಕು ದೊಡ್ಡದು ಎಂದು ಇಂಜಿನಿಯರ್ ಆಗಹೊರಟವಳಿಗೆ ಗೊತ್ತಾಗಬೇಡವೇ?

ಅಗ್ಗದ್ದಕ್ಕೇ ಒಪ್ಪಿಗೆ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಬಟ್ಟೆಗಳನ್ನು ಮತ್ತೆ ಮೇಜಿಗೆ ಎಳೆದುಕೊಂಡು, ಇಸ್ತ್ರಿ ಮಾಡಿದ್ದ ಅಂಗಿಗೇ ಇನ್ನೊಮ್ಮೆ ಇಸ್ತ್ರಿ ಮಾಡಿದೆ.

ನಾಳೆ ಪೇಟೆಯಿಂದ ಉಣ್ಣೆಯ ಕಾಲುಚೀಲ ತರಬೇಕು. ಚಳಿ ಚಳಿ ಎಂದು ಅಷ್ಟು ಬಡಿದುಕೊಂಡ ಮೇಲೆ, ತರದಿದ್ದರೆ ಅವಳಿಗೆ ಅನುಮಾನ ಬಂದೀತು.