ಸಾಹೇಬನ ಸಕ್ಕರೆ ಪುಸ್ತಕ

ನವೆಂಬರ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಮರಿ,

ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಉತ್ತರ ಬರೆಯದ ಅಕ್ಕನನ್ನು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದುಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈದುಕೋ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಮೂವರಲ್ಲಿ ಬಾಲ ಇರುವವನು ಮಾತ್ರ ನಡುವೆ ಜೀವ ಬಾಯಿಗೆ ತರಿಸಿದ. ಅದನ್ನು ಹೇಳೋಣವೆಂದೇ ಹೊಲಿಗೆ ಮಷಿನ್ನಿನ ಮೇಲಿದ್ದ ಕೋಟನ್ನು ಅರ್ಧಕ್ಕೆ ಬಿಟ್ಟು ಕೂತಿದ್ದೇನೆ. ಕೋಟಿನವರು ನಾಳೆ ಬಂದು ಕೂಗಾಡಲಿ.

ಸಾಹೇಬನಿಗೆ ಸಕ್ಕರೆ ಕಾಯಿಲೆಯೆಂದು ಫೋನಿನಲ್ಲಿ ಹೇಳಿದ್ದೆನಲ್ಲ, ಪೂರ್ತಿ ಕಥೆ ಈಗ ಕೇಳು. ನಗಬೇಡ. ಅಮ್ಮ ಸಾಕಿದ ಬೆಕ್ಕಲ್ಲವೇ, ಆಸ್ತಿಯೆಂದು ಅದನ್ನೇ ಪಡೆದುಕೊಂಡಿದ್ದಾನೆ. ನೀನು ಅಂಗಿಯೊಳಗೆ ಬಚ್ಚಿಟ್ಟು ತಂದು, ನಡೆಯುವ ಠೀವಿ ನೋಡಿ ಸಾಹೇಬ ಎಂದು ಹೆಸರಿಟ್ಟ ಮರಿಗೆ ಈಗ ಹನ್ನೆರಡು ವರ್ಷ. ಬೇಸಿಗೆಯಿಂದಲೇ ನೀರಿನ ಬಟ್ಟಲು ಇಟ್ಟಲ್ಲೇ ಖಾಲಿಯಾಗುತ್ತಿತ್ತು. ತಟ್ಟೆಯನ್ನು ಹೊಳೆಯುವಂತೆ ನೆಕ್ಕುತ್ತಿದ್ದ, ಆದರೂ ನೇವರಿಸಿದರೆ ಬೆನ್ನುಮೂಳೆ ಕೈಗೆ ತಾಗುತ್ತಿತ್ತು. ನಿನ್ನ ಭಾವ "ಅವನಿಗೂ ವಯಸ್ಸಾಯ್ತಲ್ಲೇ" ಅಂದರು. ಅಮ್ಮನನ್ನು ನೋಡಿಕೊಂಡವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಮಾರನೇ ದಿನವೇ ಬುಟ್ಟಿಯಲ್ಲಿ ಕೂರಿಸಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದೆ.

ಅಲ್ಲಿಯ ಡಾಕ್ಟರಮ್ಮ ನಿನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮಾತು ಮಾತ್ರ ಅಜ್ಜಿಯದು. ರಕ್ತ ನೋಡಿದಾಗ ನಾನೂರ ಹತ್ತು ಬಂತು. ನನ್ನ ಮುಖ ಬಿಳುಚಿಕೊಂಡದ್ದು ನೋಡಿ, "ಅಮ್ಮಾ, ಇದ್ರಲ್ಲಿ ಅರ್ಧ ಕಾಯಿಲೆ, ಅರ್ಧ ಭಯ. ಇಲ್ಲಿ ನಾಯಿ ಬೊಗಳತ್ತೆ, ಔಷಧಿ ವಾಸನೆ ಬರತ್ತೆ. ಹೆದರಿದ್ರೂ ಬೆಕ್ಕಿಗೆ ಸಕ್ಕರೆ ಏರಿಬಿಡತ್ತೆ. ನಿಜ ಗೊತ್ತಾಗೋದು ಮನೇಲಿ, ನಿಮ್ಮ ತೊಡೆ ಮೇಲೆ," ಅಂದಳು. ದಿನಕ್ಕೆರಡು ಸಲ, ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಸಿರಿಂಜಿನ ಎರಡೆರಡು ಗೆರೆಯಷ್ಟು ಇನ್ಸುಲಿನ್. ಪ್ರತಿ ಸಲವೂ ಮೊದಲು ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು. ಸಕ್ಕರೆ ಕಡಿಮೆ ಇದ್ದರೆ ಸೂಜಿ ಮುಟ್ಟದೆ ಅವಳಿಗೆ ಫೋನ್ ಮಾಡಬೇಕು.

ಮೂವತ್ತು ವರ್ಷ ಸೂಜಿ ಹಿಡಿದು ಬದುಕಿದವಳು ನಾನು. ಬೆಕ್ಕಿನ ಕಿವಿ ಮುಂದೆ ಕೈ ಕೈಕೊಟ್ಟಿತು. ಮೊದಲ ದಿನ ಸಕ್ಕರೆ ಅಳೆಯುವ ನಾಲ್ಕು ಪಟ್ಟಿ ಹಾಳು. ಒಂದು ಸಲ ಹನಿಯೇ ಬರಲಿಲ್ಲ, ಇನ್ನೊಂದು ಸಲ ಬಂದದ್ದು ರೋಮದಲ್ಲಿ ಹರಡಿಕೊಂಡಿತು, ಮೂರನೆಯದಕ್ಕೆ ಸಾಹೇಬ ತಲೆ ಕೊಡವಿದ, ನಾಲ್ಕನೆಯದರಲ್ಲಿ ನನ್ನ ಬೆರಳನ್ನೇ ಚುಚ್ಚಿಕೊಂಡೆ. ಆಮೇಲೆ ಡಾಕ್ಟರಮ್ಮ ಉಪಾಯ ಹೇಳಿಕೊಟ್ಟಳು. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒಂದು ನಿಮಿಷ ಒತ್ತಬೇಕು. ಅಂಚಿಗೆ ಚೂರೇ ಚೂರು ವ್ಯಾಸಲೀನ್ ಸವರಬೇಕು, ಆಗ ಹನಿ ಹರಡದೆ ಮಣಿಯ ಹಾಗೆ ನಿಲ್ಲುತ್ತದೆ. ಹಿಂದೆ ಹತ್ತಿ ಹಿಡಿದು ಚುಚ್ಚಿ, ಪಟ್ಟಿಯ ತುದಿ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಮನೆಯಲ್ಲಿ ಬಂದದ್ದು ಇನ್ನೂರ ಅರವತ್ತು. ಅವಳು ಹೇಳಿದ್ದು ಸರಿಯಾಗಿತ್ತು.

ಈಗ ಸಾಹೇಬ ಏಳು ಹೊಡೆಯುವ ಮೊದಲೇ ಬಂದು ಮಷಿನ್ನಿನ ಪೆಡಲ್ ಮೇಲೆ ಗದ್ದ ಇಟ್ಟು ಮಲಗುತ್ತಾನೆ. ಕಿವಿ ಚುಚ್ಚಿಸಿಕೊಳ್ಳುವ ಆಸೆಯಿಂದಲ್ಲ, ಆಮೇಲೆ ಸಿಗುವ ಬೇಯಿಸಿದ ಕೋಳಿ ಚೂರಿನ ಆಸೆಯಿಂದ. ನಿನ್ನ ಭಾವನ ಸಂಭ್ರಮ ನೀನು ನೋಡಬೇಕಿತ್ತು. ಪುಸ್ತಕಕ್ಕೆ ರಟ್ಟು ಹಾಕಿ, ಕಪ್ಪು ಹಲಗೆಯ ಮೇಲೆ ಬರೆಯುವ ದುಂಡು ಅಕ್ಷರದಲ್ಲಿ 'ಸಾಹೇಬನ ಸಕ್ಕರೆ ಪುಸ್ತಕ' ಎಂದು ಬರೆದರು. ಗ್ರಾಫ್ ಹಾಳೆಯಲ್ಲಿ ಏರಿಳಿತ ಗುರುತು ಹಾಕಿ ಗೋಡೆಗೆ ಅಂಟಿಸಿದರು. ಅದನ್ನು ಶಾಲೆಗೂ ಹೊತ್ತುಕೊಂಡು ಹೋಗಿ, "ಈ ರೇಖೆ ಯಾರದು ಹೇಳಿ" ಎಂದು ಮಕ್ಕಳನ್ನು ಕೇಳಿದರಂತೆ. ಒಬ್ಬಳು "ಹೆಡ್ ಮಾಸ್ಟರ ಕೋಪದ್ದು" ಅಂದಳಂತೆ. ಮನೆಗೆ ಬಂದು ಹೇಳಿಕೊಂಡು ಊಟ ಮುಗಿಯುವವರೆಗೂ ನಕ್ಕರು.

ಆ ನಗು ಮೂರು ವಾರದ ಹಿಂದೆ ನಿಂತಿತು. ಅವತ್ತು ಶನಿವಾರ. ಏಳಕ್ಕೆ ನಾನೇ ಕಿವಿ ನೋಡಿದೆ, ಇನ್ಸುಲಿನ್ ಕೊಟ್ಟೆ. ಪೆನ್ನಿಗೆ ಕೈ ಹಾಕುವಷ್ಟರಲ್ಲಿ ಬಾಗಿಲ ಗಂಟೆ. ಯಾರೋ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದಿದ್ದರು. ಅಳತೆ, ಮಾತು, ಅವರ ಸೊಂಟ ದಪ್ಪವಾದ ಕಥೆ ಎಲ್ಲ ಮುಗಿಯಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ನಿನ್ನ ಭಾವ ಸ್ನಾನ ಮುಗಿಸಿ ಬಂದು ಪುಸ್ತಕ ನೋಡಿದರು. ಸಾಲು ಖಾಲಿ. ಕಿವಿ ಚುಚ್ಚಿದರು, ಇನ್ನೂರ ಐವತ್ತು. ನಿಯಮದ ಪ್ರಕಾರವೇ ಎರಡು ಗೆರೆ ಕೊಟ್ಟು, ದುಂಡಗೆ ಬರೆದಿಟ್ಟು ಶಾಲೆಗೆ ಹೋದರು. ಎರಡನೇ ಸಲ ಕೋಳಿ ಸಿಗುವಾಗ ಸಾಹೇಬ ಯಾಕೆ ಬಾಯಿ ಬಿಡುತ್ತಾನೆ?

ಹನ್ನೊಂದು ಗಂಟೆಗೆ ಕತ್ತರಿಸಿದ ಬಟ್ಟೆ ಚೂರುಗಳ ರಾಶಿಯಲ್ಲಿ ಏನೋ ಅಲುಗಿದ ಹಾಗಾಯಿತು. ನೋಡಿದರೆ ಸಾಹೇಬ ಏಳಲು ಹೋಗುತ್ತಿದ್ದಾನೆ, ಹಿಂಗಾಲು ಏಳುತ್ತಿಲ್ಲ. ಕರೆದರೆ ನನ್ನ ಕಡೆ ತಿರುಗಲಿಲ್ಲ. ಕಿವಿ ಚುಚ್ಚಿದೆ, ಮೂವತ್ತೆಂಟು. ಪುಸ್ತಕ ತೆಗೆದರೆ ನಾನು ಬರೆಯದ ಸಾಲಿನಲ್ಲಿ ನಿನ್ನ ಭಾವನ ಅಕ್ಷರ. ಜೇನುತುಪ್ಪ ತೆಗೆದು ಒಸಡಿಗೆ ಉಜ್ಜಿದೆ, ಫೋನ್ ಮಾಡಿದೆ, ಅವನನ್ನು ಅದೇ ಬಟ್ಟೆ ಚೂರುಗಳ ಸಮೇತ ಬುಟ್ಟಿಗೆ ತುಂಬಿಕೊಂಡು ಓಡಿದೆ. ಡಾಕ್ಟರಮ್ಮ ಗ್ಲೂಕೋಸ್ ಏರಿಸಿ ಸಂಜೆಯವರೆಗೂ ಪಕ್ಕದಲ್ಲಿ ಇಟ್ಟುಕೊಂಡಳು. ಐದು ಗಂಟೆಗೆ ಅವಳ ಬೆರಳು ಕಚ್ಚಿದ. "ಇನ್ನು ಮನೆಗೆ ಕರ್ಕೊಂಡ್ ಹೋಗಿ," ಅಂದಳು.

ಸಾಹೇಬ ಉಳಿದ, ನಿನ್ನ ಭಾವ ಮಾತ್ರ ಇನ್ನೂ ಸರಿಹೋಗಿಲ್ಲ. ಅವತ್ತು ಊಟದ ಮುಂದೆ ಕೂತು, "ನಾನೇ ಕೊಂದ್ಹಾಕ್ತಿದ್ದೆ ಅದನ್ನ," ಅಂದರು. ನಾನು ತಕ್ಷಣ, "ನೀವೇನೂ ತಪ್ಪು ಮಾಡಿಲ್ರೀ, ಮೊದ್ಲು ಕೊಟ್ಟಿದ್ದು ನಾನು, ಬರೀದೆ ಹೋಗಿದ್ದೂ ನಾನೇ," ಅಂದೆ. ಹೇಳಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಅವರು ತಲೆಯಾಡಿಸಿದರು, ಊಟ ಮಾಡಿದರು. ಆದರೆ ಅವತ್ತಿನಿಂದ ಸಿರಿಂಜ್ ಮುಟ್ಟುತ್ತಿಲ್ಲ. ಎರಡು ಹೊತ್ತೂ ನಾನೇ.

ಈಗ ನನ್ನ ಕಣ್ಣಿನ ವಿಷಯ. ಬಲಗಣ್ಣಿನ ಪೊರೆ ತೆಗೆಸಲು ಡಿಸೆಂಬರ್ ಎರಡಕ್ಕೆ ದಿನ ಕೊಟ್ಟಿದ್ದಾರೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕರೆಯುವ ಸ್ಥಿತಿಗೆ ಬಂದಿದ್ದೇನೆ, ಸಿರಿಂಜಿನ ಗೆರೆಗಳನ್ನು ಕಿಟಕಿ ಬೆಳಕಿಗೆ ಹಿಡಿದು ಊಹೆ ಮಾಡುತ್ತೇನೆ. ಸಾಹೇಬನ ಬದುಕು ಎರಡು ಗೆರೆಯ ಮೇಲೆ ನಿಂತಿರುವಾಗ ಊಹೆ ಸಾಲದು. ಆಪರೇಷನ್ ಆದ ಮೇಲೆ ವಾರಗಟ್ಟಲೆ ಬಗ್ಗುವ ಹಾಗಿಲ್ಲ. ಅದಕ್ಕೇ ಬಾ, ಸಾಹೇಬನ ಸೂಜಿ ನೋಡಿಕೋ ಎಂದು ನಿನ್ನನ್ನು ಕೇಳಿದ್ದು. ಹೋದ ವಾರ ಫೋನಿನಲ್ಲಿ ನೀನು, "ಬರ್ತೀನಿ ಅಕ್ಕ, ಅಡುಗೆ ಮಾಡ್ತೀನಿ, ನಿನ್ನ ಕಣ್ಣಿಗೆ ಔಷಧಿ ಹಾಕ್ತೀನಿ. ಸೂಜಿ ಮಾತ್ರ ನನ್ನ ಕೈಗೆ ಕೊಡಬೇಡ. ಅಮ್ಮಂಗೆ ಮಾಡಿದ್ದು ಸಾಕು," ಅಂದೆ. ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ.

ಎರಡು ವರ್ಷ ನರ್ಸಿಂಗ್ ಓದಿದವನು ನೀನು. ನಿನ್ನ ಕೈ ಎಷ್ಟು ಹಗುರವಾಗಿತ್ತೆಂದರೆ, ನೀನು ಚುಚ್ಚಿದ ಮೇಲೂ ಅಮ್ಮ "ಆಯ್ತೇನೋ?" ಎಂದು ಕೇಳುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಅಮ್ಮ ಸಕ್ಕರೆ ಇಳಿದು ಆಸ್ಪತ್ರೆ ಸೇರಿದಾಗ, ಇನ್ಸುಲಿನ್ ಹತ್ತು ಗೆರೆಯ ಬದಲು ಇಪ್ಪತ್ತು ಎಳೆದುಬಿಟ್ಟೆ ಎಂದು ನಿನ್ನಷ್ಟಕ್ಕೆ ನೀನೇ ತೀರ್ಮಾನ ಮಾಡಿಕೊಂಡೆ. ಅಮ್ಮ ಎರಡೇ ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದಳು. ನೀನು ಎರಡೇ ತಿಂಗಳಿಗೆ ಕಾಲೇಜು ಬಿಟ್ಟು, ಬ್ರೆಡ್ಡಿನ ಒಲೆ ಮುಂದೆ ಹೋಗಿ ನಿಂತೆ. ನಿನ್ನ ಬ್ರೆಡ್ಡಿನ ಬಗ್ಗೆ ನನಗೆ ಹೆಮ್ಮೆಯಿದೆ. ಆದರೂ ಆಸ್ಪತ್ರೆಯಲ್ಲಿ ಯಾವ ನರ್ಸನ್ನು ಕಂಡರೂ ನನಗೆ ನೀನು ನೆನಪಾಗುತ್ತೀಯ.

ಚಳಿ ಶುರುವಾಗಿದೆ. ಕಳಿಸಿದ ಸ್ವೆಟರ್ ಹಾಕಿಕೋ, ಪೆಟ್ಟಿಗೆಯಲ್ಲಿ ಮಡಿಸಿಟ್ಟು ಪೂಜೆ ಮಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ, ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ ಎಂದು ಹರಸುವ,

ನಿನ್ನ ಅಕ್ಕ

ಹೇಳದೆ ಉಳಿಸಿಕೊಂಡದ್ದು:

ಸಹಿ ಹಾಕಿ ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಹನ್ನೊಂದು ವರ್ಷದ ಹಿಂದಿನ ಆ ಬೆಳಿಗ್ಗೆ ಅಮ್ಮನಿಗೆ ಜ್ವರ, ಮಂಪರಿನಲ್ಲಿದ್ದಳು. ಹೊಲಿದ ಬಟ್ಟೆ ತಲುಪಿಸಲು ನಾನು ಬೇಗ ಹೊರಡಬೇಕಿತ್ತು. ಮಲಗಿದ್ದ ನಿನ್ನನ್ನು ಎಬ್ಬಿಸುವುದು ಬೇಡವೆಂದು ನಾನೇ ಅವಳ ತೋಳಿಗೆ ಹತ್ತು ಗೆರೆ ಕೊಟ್ಟೆ. ಅವಳು ಕಣ್ಣೂ ಬಿಡಲಿಲ್ಲ. ಆತುರದಲ್ಲಿ ಪುಸ್ತಕದಲ್ಲಿ ಬರೆಯಲಿಲ್ಲ. ನೀನು ಎದ್ದು ಖಾಲಿ ಸಾಲು ನೋಡಿ ನಿನ್ನ ಕೆಲಸ ಮಾಡಿದೆ. ಮಧ್ಯಾಹ್ನ ನಾನು ಆಸ್ಪತ್ರೆಗೆ ಬಂದಾಗ ನೀನು ಬೆಂಚಿನ ಮೇಲೆ ಕೂತು, "ನಾನೇ ಜಾಸ್ತಿ ಎಳೆದಿರ್ಬೇಕು ಸಾರ್," ಎಂದು ಡಾಕ್ಟರಿಗೆ ಹೇಳುತ್ತಿದ್ದೆ. ನನಗೆ ಅಲ್ಲೇ ನೆನಪಾಯಿತು. ನಾಲಿಗೆ ತುದಿಗೆ ಬಂತು. ಅಮ್ಮ ಕಣ್ಣು ಬಿಡಲಿ ಎಂದುಕೊಂಡೆ, ಬಿಟ್ಟಳು. ಮನೆಗೆ ಬರಲಿ ಎಂದುಕೊಂಡೆ, ಬಂದಳು. ಆಮೇಲೆ ನೀನು ಕಾಲೇಜು ಬಿಟ್ಟೆ, ಹೇಳಲು ನನಗೆ ಮುಖವೇ ಉಳಿಯಲಿಲ್ಲ. ಸಾಯುವವರೆಗೆ, ಏಳು ವರ್ಷ, ಅಮ್ಮ ನಂಬಿ ತೋಳು ಚಾಚಿದ್ದು ನನ್ನ ಕೈಗೆ ಮಾತ್ರ.

ಗಂಡನಿಗೆ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ತಮ್ಮನಿಗೆ ಹೇಳಲು ಹನ್ನೊಂದು ವರ್ಷ ತೆಗೆದುಕೊಂಡೆ. ಹೊಟ್ಟೆಯಲ್ಲಿ ಹಾಕಿಕೋ ಎಂದು ಕೇಳುವ ಧೈರ್ಯವಿಲ್ಲ. ಬರುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಅಮ್ಮನ ಪುಸ್ತಕದ ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. 'ಎಂಟು ಗಂಟೆ, ಹತ್ತು' ಎಂಬ ನಿನ್ನ ಅಕ್ಷರದ ಮೇಲ್ಗಡೆ ಇವತ್ತು ನಾನು ಬರೆದಿದ್ದೇನೆ: 'ಆರೂವರೆ, ಹತ್ತು. ಅಕ್ಕ.' ನೀನು ಎಳೆದದ್ದು ಹತ್ತೇ ಕಣೋ.