ಕೆಲಸ ಮುಗಿಯುವವರೆಗೆ

ಜೂನ್ 3

ಮೀನಿನ ಗೋದಾಮಿನ ಕೋಲ್ಡ್ ರೂಮ್ ಸರ್ವಿಸ್ ಮುಗಿಸಿ ಬಂದೆ. ಎರಡು ಸಲ ಸ್ನಾನ. ಆದರೂ ಕೈ ಮೀನು ಮೀನು. ಇವಳಿದ್ದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು.

ತನ್ನ ಅಕ್ಕನ ಆಪರೇಷನ್ ಎಂದು ಒಂದು ತಿಂಗಳ ಮಟ್ಟಿಗೆ ಹೊರದೇಶಕ್ಕೆ ಹೋದವಳು. ಆಗ ನಾಲ್ಕು ತಿಂಗಳ ಬಸುರಿ. ಧಾರಾಳವಾಗಿ ಹೋಗಿ ಬನ್ನಿ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಈ ಕಾಯಿಲೆ. ವಿಮಾನ ಬಂದ್, ಗಡಿ ಬಂದ್. ಈಗ ವಿಮಾನ ಬಿಟ್ಟರೂ ಅವಳು ಹತ್ತುವಂತಿಲ್ಲ, ಏಳು ತಿಂಗಳು ತುಂಬಿದೆ. ನಾನೇ ಹೋಗಬೇಕು. ಅರ್ಜಿ ಹಾಕಿದ್ದೇನೆ.

ಫೋನಿನಲ್ಲಿ ಮಗುವಿನ ಹೆಸರಿನ ಮಾತು ತೆಗೆದೆ. ಹೊಳೆದ ಹೆಸರುಗಳನ್ನೆಲ್ಲ ತಲೆಯಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದೆ... ಅವಳು ಕೇಳಲೇ ಇಲ್ಲ.

"ಹುಟ್ಟೋ ಮುಂಚೆ ಹೆಸರಿನ ಸುದ್ದಿ ಬೇಡ ಅಂದ್ನಲ್ಲ. ನೀವು ಬಂದು, ಎತ್ಕೊಂಡು, ಮುಖ ನೋಡಿ ಇಡ್ಬೇಕು."

"ಬರೋಕೆ ಆಗ್ದೇ ಇದ್ರೆ?"

"ಹೆಸರಿಲ್ದೇ ಬೆಳೀಲಿ."

ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಬರುತ್ತಿರುವ ಮಗು. ಅವಳಿಗೆ ಭಯ. ನನಗೆ ಅದಕ್ಕಿಂತ ಹೆಚ್ಚು, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಜೂನ್ 11

ಅರ್ಜಿ ವಾಪಸ್. ಪ್ರವೇಶದ ವಿನಾಯಿತಿ ಇರುವುದು ಅಲ್ಲಿನ ನಿವಾಸಿಯ ಗಂಡನಿಗಂತೆ. ಇವಳು ನಿವಾಸಿ ಅಲ್ಲ, ಪ್ರವಾಸಿ. ಪ್ರವಾಸಿಯ ಗಂಡ ಎಂದರೆ ಇನ್ನೊಬ್ಬ ಪ್ರವಾಸಿ. ಪ್ರವಾಸಿಗಳಿಗೆ ಪ್ರವೇಶವಿಲ್ಲ.

ಅಲ್ಲಿನ ಹೆಲ್ಪ್‌ಲೈನಿಗೆ ಫೋನ್. ಊಟದ ಹೊತ್ತು ಪೂರ್ತಿ ಪಿಟೀಲು ಕೇಳಿಸಿದರು. ಆಮೇಲೆ ಒಬ್ಬ ಹೆಂಗಸು. ತುಂಬಾ ಒಳ್ಳೆಯ ದನಿ. ಸಂಗೀತಮ್ಮ ಎಂದು ನಾನೇ ಹೆಸರಿಟ್ಟಿದ್ದೇನೆ.

"ನಿಮ್ಮ ಹೆಂಡತಿ ಇಲ್ಲಿ ತಾತ್ಕಾಲಿಕವಾಗಿ ಇದಾರೆ ಸರ್. ತಾತ್ಕಾಲಿಕವಾಗಿ ಇರೋರ ಗಂಡಂದಿರು ಬರೋ ಹಾಗಿಲ್ಲ."

"ಹೆರಿಗೆಗೂ?"

"ಇಲ್ಲಿರೋ ಮಗುವಿನ ತಂದೆಗೆ ವಿನಾಯಿತಿ ಇದೆಯಲ್ಲ."

"ನಾನು ಅದೇ ಅಲ್ವಾ ಮೇಡಂ?"

"ಮಗು ಇನ್ನೂ ಹುಟ್ಟಿಲ್ವಲ್ಲ ಸರ್."

ಹೆರಿಗೆಗೆ ಹೋಗಬೇಕಾದರೆ ಮೊದಲು ಹೆರಿಗೆ ಆಗಿರಬೇಕು. ಥ್ಯಾಂಕ್ಸ್ ಎಂದೆ. ಯಾಕೆ ಎಂದೆನೋ.

ಜುಲೈ 2

ಯಜಮಾನರು ಕ್ಯಾಬಿನ್‌ಗೆ ಕರೆದರು. ಬೈಯಲು ಎಂದುಕೊಂಡೆ.

ಇವಳಿರುವ ಊರಲ್ಲೇ ಔಷಧಿಯ ಒಂದು ಗೋದಾಮು. ಅದರ ಕೋಲ್ಡ್ ರೂಮ್ ತಂಪು ನಿಲ್ಲಿಸುತ್ತಿಲ್ಲ. ಹಳೇ ಮಾಡೆಲ್. ಅಲ್ಲಿನ ಮೆಕ್ಯಾನಿಕ್‌ಗಳು ಕೈ ಚೆಲ್ಲಿದ್ದಾರೆ. ಔಷಧಿಯನ್ನೆಲ್ಲ ಬಾಡಿಗೆಯ ಐಸ್‌ಕ್ರೀಂ ಲಾರಿಗಳಲ್ಲಿ ಇಟ್ಟಿದ್ದಾರಂತೆ.

"ಆ ಮಾಡೆಲ್ ಗೊತ್ತಿರೋನು ಈಗ ನೀನೊಬ್ನೇ ಕಣಯ್ಯಾ. ಅಗತ್ಯ ಕೆಲಸಗಾರ ಅಂತ ವಿನಾಯಿತಿ ಕೊಡ್ತಾರೆ. ಹೋಗ್ತೀಯಾ?"

ಹೋಗ್ತೀಯಾ ಅಂತೆ.

ಹೆಂಡತಿಯ ಗಂಡ ಎಂದರೆ ಬೇಡ. ಕಂಪ್ರೆಸರ್‌ನ ಗಂಡ ಎಂದರೆ ಬಾ. ಆಗಲಿ, ಯಾರ ಗಂಡನಾದರೂ ಆಗುತ್ತೇನೆ.

ಜುಲೈ 13

ಬಂದಿಳಿದೆ. ಏರ್‌ಪೋರ್ಟಿನಲ್ಲಿ ಮೂರು ಸಾಲು. ಒಂದರಲ್ಲಿ ನಿಂತೆ, ಅದಲ್ಲ ಎಂದರು. ಇನ್ನೊಂದರಲ್ಲಿ ನಿಂತೆ, ಮೊದಲಿನದೇ ಸರಿ ಎಂದರು. ಮೂರನೆಯ ಸಾಲು ಯಾರಿಗೆಂದು ಕೊನೆಗೂ ತಿಳಿಯಲಿಲ್ಲ. ಅದರಲ್ಲಿ ನಿಂತಿದ್ದವರಿಗೂ ತಿಳಿದಿರಲಿಲ್ಲ.

ವಿನಾಯಿತಿ ಪತ್ರ: ಹೋಟೆಲಿನಿಂದ ಗೋದಾಮು, ಗೋದಾಮಿನಿಂದ ಹೋಟೆಲು. ಗೊತ್ತುಮಾಡಿದ ವ್ಯಾನಿನಲ್ಲೇ ಓಡಾಟ. ಯಾರನ್ನೂ ಭೇಟಿಯಾಗಬಾರದು. ಅವಧಿ: ಕೆಲಸ ಮುಗಿಯುವವರೆಗೆ.

ಹತ್ತು ಹದಿನೈದು ದಿನದ ಕೆಲಸ ಎಂದು ಇವಳಿಗೆ ಹೇಳಿದ್ದೇನೆ. ಬೇಕಾದರೆ ಇನ್ನೂ ಎಳೆಯಬಹುದು. ಹೆರಿಗೆ ಆಗಸ್ಟ್ ಮೊದಲ ವಾರ. ಮಗು ಹುಟ್ಟುವ ತನಕ ಎಳೆದರೆ ಸಾಕು, ಆಮೇಲೆ ನಾನು ತಂದೆ, ಕಾನೂನಿನ ಪ್ರಕಾರವೇ.

ವ್ಯಾನಿನ ಡ್ರೈವರ್ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡಿದ್ದಾನೆ. ನನ್ನ ಷಡ್ಡಕನ ಮನೆಯ ಬೀದಿ ಹೇಳಿದೆ, ಇವಳು ಅಲ್ಲೇ ಇದ್ದಾಳೆ ಎಂದೆ. ಅವನು ಆ ಬೀದಿಗೇ ಗಾಡಿ ತಿರುಗಿಸಿ, ಎತ್ತಿನಗಾಡಿಯಂತೆ ಓಡಿಸಿದ.

ಎರಡನೇ ಮಹಡಿಯ ಬಾಲ್ಕನಿ. ಇವಳು ಹಸಿರು ನೈಟಿಯಲ್ಲಿ. ಹೊಟ್ಟೆ ಮೊದಲು ಕಂಡಿತು, ಆಮೇಲೆ ಮುಖ. ಕೈ ಬೀಸಿದೆ. ಅವಳು ಪಕ್ಕದ ಬೈಕಿನವನಿಗೆ ಕೈ ಬೀಸಿದಳು. ನಾನು ಮಾಸ್ಕು, ಟೋಪಿ, ಪ್ಲಾಸ್ಟಿಕ್ ಕೋಟಿನಲ್ಲಿದ್ದೆ, ಗುರುತು ಸಿಗಲಿಲ್ಲ ಪಾಪ.

"ನಾಳೇನೂ ಇದೇ ದಾರೀಲಿ ಹೋಗೋಣ ಬಿಡಿ," ಎಂದ ಡ್ರೈವರ್.

ಜುಲೈ 14, ಸಂಜೆ

ಕೆಲಸ ಮುಗಿಯಿತು.

ನಾನು ಬೆಪ್ಪುತಕ್ಕಡಿ.

ನಮ್ಮ ಕಸುಬಿನವರಿಗೆ ಒಂದು ಚಾಳಿ. ಕೋಲ್ಡ್ ರೂಮಿನ ಒಳಗೆ ನಿಂತು ಯೋಚಿಸುವುದಿಲ್ಲ. ಚಳಿಗೆ ಬೆರಳು ಮರಗಟ್ಟುವ ಮುಂಚೆ ಮಾಡುವುದನ್ನು ಮಾಡಿ, ಹೊರಗೆ ಬಂದು ಯೋಚಿಸುತ್ತೇವೆ. ಇವತ್ತೂ ಅಷ್ಟೇ ಆಯಿತು. ಪೈಪು ಎಷ್ಟು ತಣ್ಣಗಿದೆ ಎಂದು ವಾಲ್ವ್‌ಗೆ ತಿಳಿಸುವ ಪುಟ್ಟ ತಾಮ್ರದ ಬಲ್ಬು, ಕಿರುಬೆರಳಿನಷ್ಟು, ಪಟ್ಟಿ ಕಳಚಿ ಜೋತಾಡುತ್ತಿತ್ತು. ಇಷ್ಟೇ ರೋಗ. ಪೈಪಿಗೆ ಒತ್ತಿ ಹಿಡಿದೆ, ಪಟ್ಟಿ ಬಿಗಿದೆ, ಸುತ್ತಲೂ ಟೇಪು ಸುತ್ತಿದೆ. ಕಟ್ಟಿದ ಹಿಮ ಕರಗಿಸಿ ಮತ್ತೆ ಚಾಲೂ ಮಾಡಿದೆ. ಹೊರಗೆ ಬಂದು ಮೂಗು ಒರೆಸಿಕೊಳ್ಳುವಾಗ ಹೊಳೆಯಿತು — ಅಯ್ಯೋ, ಇದನ್ನು ಆಗಸ್ಟಿನ ತನಕ ಎಳೆಯಬೇಕಿತ್ತು.

ಗೋದಾಮಿನ ಮ್ಯಾನೇಜರಮ್ಮ ಮೀಟರಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಂಜೆಗೆ ಮುಳ್ಳು ಸರಿಯಾದ ಜಾಗಕ್ಕೆ ಬಂದು ನಿಂತಿತು. ಅವರ ಕಣ್ಣಲ್ಲಿ ನೀರು.

"ಎಷ್ಟು ಜನಕ್ಕೆ ಬೇಕಾದ ಔಷಧಿ ಗೊತ್ತಾ ಅಣ್ಣ ಇದು? ಈಗ್ಲೇ ಆಫೀಸಿಗೆ ರಿಪೋರ್ಟ್ ಕಳಿಸ್ತೀನಿ, ನಿಮ್ಮನ್ನ ಸುಮ್ನೆ ಕಾಯಿಸಬಾರದು."

ಕಾಯಿಸಿ ಮೇಡಂ, ದಯವಿಟ್ಟು ಕಾಯಿಸಿ ಎನ್ನಬೇಕೆನ್ನಿಸಿತು. ಲಾರಿಗಳಿಂದ ಪೆಟ್ಟಿಗೆಗಳು ಇಳಿಯುತ್ತಿದ್ದವು. ಬಲ್ಬು ಮತ್ತೆ ಬಿಚ್ಚಲೇ ಎಂಬ ಯೋಚನೆಯೂ ಬಂತು, ಸುಳ್ಳೇಕೆ. ಪೆಟ್ಟಿಗೆ ಹೊರುತ್ತಿದ್ದವರ ಮುಖ ನೋಡಿ ಸುಮ್ಮನಾದೆ.

ಇವಳಿಗೆ ಫೋನ್ ಮಾಡಿದೆ. ಕೆಲಸ ಮುಗಿದುಹೋಯಿತು ಎಂದೆ.

"ರೀ, ನಮ್ಮನೆ ಬೆಡ್‌ರೂಮ್ ಫ್ಯಾನ್ ರಿಪೇರಿ ಮಾಡೋಕೆ ಒಂದು ವರ್ಷ ತಗೊಂಡ್ರಿ."

"ಹೂಂ."

"ಅಲ್ಲಿ ಒಂದು ಮಧ್ಯಾಹ್ನ ಸಾಕಾಯ್ತಾ?"

ಅತ್ತಳು. ನಾನೂ.

ಜುಲೈ 16

ಮೊನ್ನೆ ತನಕ ವ್ಯಾನಿನಲ್ಲಿ ಓಡಾಡಿದವನು ಇವತ್ತು ರೂಮಿನ ಬಾಗಿಲು ತೆರೆಯುವಂತಿಲ್ಲ. ಕೆಲಸ ಇದ್ದಾಗ ನನ್ನಿಂದ ಯಾರಿಗೂ ಕಾಯಿಲೆ ಹರಡುತ್ತಿರಲಿಲ್ಲ, ಮುಗಿದ ಕೂಡಲೇ ಹರಡುತ್ತದೆ. ಸಂಗೀತಮ್ಮನನ್ನು ಇದರ ಅರ್ಥ ಕೇಳಿದೆ.

"ಒಳ್ಳೆ ಪ್ರಶ್ನೆ ಸರ್," ಎಂದರು. ಮತ್ತೆ ಪಿಟೀಲು ಹಾಕಿದರು.

ವಾಪಸ್ ವಿಮಾನ ಜುಲೈ 30ಕ್ಕೆ. ಅದಕ್ಕೆ ಮುಂಚೆ ಯಾವುದೂ ಇಲ್ಲ. ಅದನ್ನು ತಪ್ಪಿಸುವಂತೆಯೂ ಇಲ್ಲ.

ಜುಲೈ 22

ಮಗು 30ರ ಒಳಗೆ ಹುಟ್ಟಿದರೆ ನಾನು ತಂದೆ, ಇಲ್ಲೇ ಉಳಿಯಬಹುದು. ಆಮೇಲೆ ಹುಟ್ಟಿದರೆ ನಾನು ಊರಲ್ಲಿ ಕುಳಿತ ಅರ್ಜಿದಾರ. ಬೇಗ ಬಾ ಪುಟ್ಟಾ ಎಂದುಕೊಂಡೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅವಸರದಲ್ಲಿ ಬಂದು ಏನಾದರೂ ಆದರೆ? ಬೇಡ, ನಿಧಾನವಾಗಿ ಬಾ. ಆದರೆ ತೀರಾ ನಿಧಾನ ಬೇಡ... ಹೊಟ್ಟೆಯೊಳಗಿನ ಕೂಸಿಗೂ ನನ್ನಿಂದ ಗೊಂದಲ.

ಇಲ್ಲಿನ ಫ್ರಿಜ್ ಗೊರ್ ಎನ್ನುತ್ತದೆ. ರಿಪೇರಿ ಮಾಡಿಲ್ಲ. ಹಟಕ್ಕೆ.

ಜುಲೈ 29, ಮಧ್ಯಾಹ್ನ

ಷಡ್ಡಕನ ಫೋನ್. ಅವರು ಯಾವಾಗಲೂ ಸುತ್ತಿ ಬಳಸಿ ಮಾತಾಡುವವರು. ಇವತ್ತು ಒಂದೇ ಉಸಿರು.

"ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ. ನೀವು ಮೊದ್ಲು ಕೂತ್ಕೊಳ್ಳಿ."

ಕೂತೇ ಇದ್ದೆ. ಎದ್ದು ನಿಂತು, ಮತ್ತೆ ಕೂತೆ.

ಅಳು ಕೇಳಿಸಿದರು. ಅಷ್ಟು ದೊಡ್ಡ ದನಿ. ನಾನಿಲ್ಲದೆಯೇ ಹುಟ್ಟಿಬಿಟ್ಟಳಲ್ಲ ಎಂದು ಎದೆಗೆ ಒದ್ದಂತಾಯಿತು. ಮರುಕ್ಷಣ ಕುಣಿಯುವಷ್ಟು ಸಂತೋಷ. ಯಾವುದು ಮೊದಲು, ಯಾವುದು ಆಮೇಲೆ, ಹೇಳಲಾರೆ. ಫ್ರಿಜ್ ರಿಪೇರಿ ಮಾಡಿದೆ.

ಜುಲೈ 30, ಬೆಳಿಗ್ಗೆ

ತಂದೆಯ ಅರ್ಜಿ ಹಾಕಿದರೆ ಮುಂದಕ್ಕೇ ಹೋಗುತ್ತಿಲ್ಲ. ಮಗುವಿನ ಹೆಸರು ಬೇಕಂತೆ. ಖಾಲಿ ಬಿಟ್ಟೆ, ಆಗಲಿಲ್ಲ. ಪುಟ್ಟಿ ಎಂದು ಹಾಕಿದೆ, ಪೂರ್ತಿ ಹೆಸರು ಬರೆಯಿರಿ ಎಂದಿತು.

"ಹೆಸರಿಲ್ಲದ ಮಗುವಿಗೆ ತಂದೆ ಇರಲ್ಲ ಸರ್," ಎಂದರು ಸಂಗೀತಮ್ಮ. ಆಮೇಲೆ ಮೆಲ್ಲಗೆ, "ಅಂದ್ರೆ, ಕಂಪ್ಯೂಟರಲ್ಲಿ. ಬೇಗ ಕಳಿಸಿ, ನಾನೇ ಮೇಲಿನವರ ಹತ್ರ ಹಿಡ್ಕೊಂಡು ಹೋಗ್ತೀನಿ."

ಎತ್ತಿಕೊಂಡು ನೋಡದೆ ಹೆಸರಿಲ್ಲ. ಹೆಸರಿಲ್ಲದೆ ಅರ್ಜಿ ಇಲ್ಲ. ಅರ್ಜಿ ಇಲ್ಲದೆ ನೋಡುವಂತಿಲ್ಲ.

ಕೆಳಗಿನಿಂದ ಡ್ರೈವರ್ ಫೋನ್ ಮಾಡಿದ, ಮಗುವಿನ ಸುದ್ದಿ ನಿನ್ನೆಯೇ ತಿಳಿಸಿದ್ದೆ. "ಬಂದಿದೀನಿ ಸಾರ್. ಏರ್‌ಪೋರ್ಟಾ, ಆಸ್ಪತ್ರೆನಾ?"

"ಗೊತ್ತಿಲ್ಲಪ್ಪ."

"ಹಂಗಾದ್ರೆ ಗಾಡಿ ಆಫ್ ಮಾಡ್ತೀನಿ."

ಇವಳಿಗೆ ವಿಡಿಯೋ ಕಾಲ್. ಅರ್ಜಿಗೆ ಹೆಸರು ಬೇಕಂತೆ ಎಂದೆ. ಅವಳು ಕ್ಯಾಮೆರಾ ಮಗುವಿನ ಕಡೆ ತಿರುಗಿಸಿದಳು. ಬಟ್ಟೆಯ ಗಂಟಿನೊಳಗೆ ಕೆಂಪು ಮುಖ. ಮೂಗು ನನ್ನದೇ, ಪಾಪ. ಕೋಪ ಅವಳಮ್ಮನದು.

"ನೋಡಿದ್ರಲ್ಲ. ಇಡಿ."

"ಎತ್ಕೊಂಡು ನೋಡ್ಬೇಕು ಅಂದಿದ್ಯಲ್ಲ?"

"ಎತ್ಕೊಳ್ಳೋಕೆ ಬನ್ನಿ ಅಂತಾನೇ ಇಡಿ ಅಂತಿರೋದು."

ಸಾಲಾಗಿ ನಿಲ್ಲಿಸಿದ್ದ ಹೆಸರುಗಳೆಲ್ಲ ಹಾರಿಹೋದವು. ಯಾವತ್ತೂ ಯೋಚಿಸಿರದ ಒಂದು ಬಾಯಿಗೆ ಬಂತು. ಹೇಳಿದೆ. ಇವಳು ಆ ಹೆಸರು ಹಿಡಿದು ಮಗುವನ್ನು ಕರೆದಳು. ಅದು ಅಳು ನಿಲ್ಲಿಸಿ ಆಕಳಿಸಿತು.

"ಇರ್ಲಿ, ಇದೇ ಇರ್ಲಿ," ಎಂದಳು.

ಕಳಿಸಿದೆ.

ಅದೇ ದಿನ, ಸ್ವಲ್ಪ ಹೊತ್ತಿಗೆ

ಮಂಜೂರು. ಸಂಗೀತಮ್ಮ ಹೇಳಿದಂತೆಯೇ ಮಾಡಿದರು. ನನ್ನ ಹಳೇ ಪತ್ರವನ್ನೇ ತಿದ್ದಿ ಕಳಿಸಿದ್ದಾರೆ, ಅವಸರ ಕಾಣುತ್ತದೆ. ಅಗತ್ಯ ಕೆಲಸಗಾರ ಎಂದಿದ್ದಲ್ಲಿ ತಂದೆ ಎಂದಿದೆ. ಅದರ ಕೆಳಗಿನ ಸಾಲು ಹಾಗೇ ಉಳಿದಿದೆ. ಅವಧಿ: ಕೆಲಸ ಮುಗಿಯುವವರೆಗೆ.

ಫೋನ್ ಮಾಡಿ ಕೇಳಲೇ? ಬೇಡ. ಕೇಳಿದರೆ ತಿದ್ದಿಬಿಡುತ್ತಾರೆ.

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಒಂದು ಬೂಟು ಸಿಕ್ಕಿತು, ಇನ್ನೊಂದು