ನಡುಗೋಡೆ

೮ ಜನವರಿ, ಬೆಳಗ್ಗೆ
ಋಷಿ ಹಡಪಸರದ ಆಫೀಸಿಗೆ ಹೊರಟ. ಗೇಟಿನ ತನಕ ಹೋಗಿ ಓಡಿ ಬಂದ, ಡಬ್ಬಿ ಮರೆತೆ ಅಂತ. ಡಬ್ಬಿ ಬ್ಯಾಗಿನಲ್ಲೇ ಇತ್ತು! ನನ್ನನ್ನು ಇನ್ನೊಂದು ಸಲ ನೋಡಲು ಸುಳ್ಳು. ಎಷ್ಟು ಮುದ್ದು ನನ್ನ ಗಂಡ!! ಮದುವೆಯಾಗಿ ಐವತ್ತೊಂದು ದಿನ.

ದೊಡ್ಡ ಸುದ್ದಿ — ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆಸುತ್ತೇವೆ. ಓಪನ್ ಕಿಚನ್! ಈಗ ಅವನು ಮನೆಗೆ ಬಂದರೆ ಬರೀ ದನಿ ಕೇಳುತ್ತದೆ. ಚಪಾತಿ ಲಟ್ಟಿಸುತ್ತಲೇ ಮುಖವೂ ಕಾಣಬೇಕು.

ಆದರೆ ಇದು ಮಾವನವರು ಕಟ್ಟಿಸಿದ ಹಳೇ ಮನೆ, ಮೇಲೊಂದು ಕೋಣೆ ಬೇರೆ. ಗೋಡೆ ಅದರ ಭಾರ ಹೊತ್ತಿದೆಯೋ ಇಲ್ಲವೋ ಮೊದಲು ನೋಡಿಸಬೇಕು. ಇನ್ನೊಂದು ತೊಡಕು ಅತ್ತೆಯದು. ನೈವೇದ್ಯ ಆಗುವ ತನಕ ಅಡುಗೆಯ ಮೇಲೆ ಹೊರಗಿನವರ ಕಣ್ಣು ಬೀಳಬಾರದು.

“ಅಮ್ಮಗ ನಾ ಹೇಳತೀನಿ. ನೀ ಸುಮ್ಮನಿರು” ಅಂದ ಋಷಿ. ಸರಿ!

೧೧ ಜನವರಿ, ಶನಿವಾರ
ಇಂಜಿನಿಯರ್ ಪ್ರಾಚಿ ಬಂದಿದ್ದಳು. ಸೊಲ್ಲಾಪುರದವಳು, ಕನ್ನಡ ಬರುತ್ತದೆ! ನಾನು ಗೋಡೆಯನ್ನು ಟಕ್ ಟಕ್ ತಟ್ಟಿ, ಪೊಳ್ಳು ಅನಿಸುತ್ತದೆ ಅಂದೆ.

“ತಟ್ಟಿ ನೋಡೂದು ಕಲ್ಲಂಗಡಿಗೆ, ಮ್ಯಾಡಮ್. ಗೋಡಿಗಲ್ಲ.”

ಬಾಗಿಲ ಹತ್ತಿರ ದಪ್ಪ ಅಳೆದಳು. ಮಹಡಿ ಹತ್ತಿ, ಇದರ ನೇರಕ್ಕೇ ಅಲ್ಲೂ ಗೋಡೆ ಇದೆಯಾ ನೋಡಿದಳು. ಆಮೇಲೆ ಚಾವಣಿಯ ಕೆಳಗೆ ಸ್ವಲ್ಪ ಪ್ಲಾಸ್ಟರ್ ಕೆತ್ತಿದಳು, ಒಳಗೆ ಭಾರ ಹೊರುವ ಬೀಮ್ ಇದೆಯಾ ಅಂತ. ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಸಾವಕಾಶ, ತಂಗಿ. ಭಾಳ ಗಾಯ ಮಾಡಬ್ಯಾಡ.”

ಮನೆಯ ಹಳೇ ನಕ್ಷೆ ನೋಡಿ ಸೋಮವಾರ ಹೇಳುತ್ತಾಳಂತೆ. ಋಷಿಯ ನಂಬರ್ ತಗೊಂಡಳು.

೧೪ ಜನವರಿ, ಸಂಕ್ರಾಂತಿ
ಹೊಸ ಸೊಸೆಗೆ ಇಲ್ಲಿಯ ಪದ್ಧತಿ — ಕಪ್ಪು ಸೀರೆ, ಸಕ್ಕರೆ ಪಾಕದ ಕುಸುರೆಳ್ಳಿನ ಹಾರ, ಕುಸುರೆಳ್ಳಿನ ಬಳೆ. ಎಲ್ಲ ಅತ್ತೆ ತಾವೇ ಕೂತು ಪೋಣಿಸಿದ್ದು. ಮೈಗೆಲ್ಲ ಇರುವೆ!

ಋಷಿ ನನ್ನ ಬಾಯಿಗೆ ಎಳ್ಳು ಬೆಲ್ಲ ಇಟ್ಟು ಹೇಳಿದ — “ಪ್ರಾಚಿ ತಿಳಿಸ್ಯಾಳ. ಅದು ಭಾರ ಹೊತ್ತ ಗೋಡಿ ಅಂತ. ತಗದ್ರ ಮ್ಯಾಲಿನ ಖೋಲಿ ಕೂತಬಿಡತದ.”

ಐದು ನಿಮಿಷ ಅಳುತ್ತಾ ಕೂತೆ. ಆಮೇಲೆ ಗೋಡೆಯ ಮೇಲೆ ಪ್ರೀತಿಯೇ ಬಂತು. ಪಾಪ, ನಮ್ಮೆಲ್ಲರನ್ನೂ ಹೊತ್ತುಕೊಂಡು ನಿಂತಿದೆ. ಅದಕ್ಕೂ ನಾಲ್ಕು ಎಳ್ಳು ಅಂಟಿಸಿದೆ. ಋಷಿ ಬಿದ್ದು ಬಿದ್ದು ನಕ್ಕ.

೩ ಫೆಬ್ರುವರಿ, ಮಧ್ಯಾಹ್ನ
ನಿಗಡಿಯ ತರಕಾರಿ ಮಂಡಿಯಲ್ಲಿ ಪ್ರಾಚಿ ಸಿಕ್ಕಳು.

“ಗೋಡಿ ತಗಸಿದ್ರಿಲ್ಲೊ?”

“ಹೆಂಗ ತಗಸೋದು? ಭಾರ ಹೊತ್ತದ ಅಂತ ನೀವ ಹೇಳೀರಲ್ಲ...”

“ನಾನs? ಅರ್ಧ ಇಟ್ಟಂಗಿ ದಪ್ಪದ ಗೋಡಿ ಅದು. ಭಾರ ಎಲ್ಲಾ ಬೀಮಿನ ಮ್ಯಾಲ ಅದ. ತಗೀಬಹುದು ಅಂತ ಸಾಹೇಬ್ರಿಗೆ ಬರದ ಕಳಿಸೀನಲ್ರಿ.”

ಮೊಬೈಲ್ ತೋರಿಸಿದಳು. ೧೩ನೇ ತಾರೀಖು. ಕೆಳಗೆ ಋಷಿಯ ಉತ್ತರ — ಥ್ಯಾಂಕ್ಸ್, ಒಂದು ಹೆಬ್ಬೆರಳು. ಮರುದಿನ ನನ್ನ ಬಾಯಿಗೆ ಎಳ್ಳು ಬೆಲ್ಲ.

ಅತ್ತೆಗಾಗಿ ಹೇಳಿರಬೇಕು. ಅಷ್ಟೇ ಇರಬೇಕು.

ಅದೇ ದಿನ, ಸಂಜೆ
ಅತ್ತೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ. “ಗೋಡಿ ತಗಿಯೋದು ನಿಮಗ ಬ್ಯಾಡಾಗಿತ್ತೇನ್ರಿ?”

“ನನಗ್ಯಾಕ ಬ್ಯಾಡ? ನೈವೇದ್ಯ ಆಗೂತನಾ ಒಂದು ಪಡದಾ ಎಳಕೊಂಡ್ರ ಮುಗೀತು. ನಿನಗs ಧೂಳಿನ ಅಲರ್ಜಿ, ನೀನs ಬ್ಯಾಡ ಅಂದಿ ಅಂತ ಋಷಿ ಅಂದ. ಪಡದಾದ ಅರಿವಿ ಸೈತ ತಂದಿಟ್ಟಿದ್ದೆ, ಮಂಜರಿ.”

ನನಗೆ ಯಾವ ಅಲರ್ಜಿಯೂ ಇಲ್ಲ.

೪ ಫೆಬ್ರುವರಿ, ಬೆಳಗ್ಗೆ
ಕೇಳಿಬಿಟ್ಟೆ. ಸಿಟ್ಟು ಮಾಡಲಿಲ್ಲ ಅವನು. ಮಾಡಿದ್ದರೆ ಚೆನ್ನಾಗಿತ್ತು.

“ಇವತ್ತಲ್ಲ ನಾಳೆ ಆ ಪಡದಾದ ಸಲುವಾಗಿ ನೀವಿಬ್ಬರೂ ಜಗಳಾಡತಿದ್ರಿ. ಅಪ್ಪ ಹಿಂಗs ಮಾಡತಿದ್ದ. ಅಮ್ಮಗೊಂದು ಹೇಳೋದು, ಅಜ್ಜಿಗೊಂದು ಹೇಳೋದು. ಮೂವತ್ತ ವರ್ಷ ಈ ಮನ್ಯಾಗ ಯಾರದೂ ದನಿ ಏರಲಿಲ್ಲ, ಗೊತ್ತದ?”

ಹೆಮ್ಮೆಯಿಂದ ಹೇಳಿದ.

“ನನಗ ಬ್ಯಾಡ ಅಂತ ಒಂದು ಮಾತು ಹೇಳಿದ್ರ ಎರಡು ದಿನ ಸಿಟ್ಟಾಗಿ ಬಿಡತಿದ್ದೆ, ಋಷಿ.”

“ಅದಕ್ಕs ಹೇಳಲಿಲ್ಲ.”

“ಮತ್ತ ಏನೇನು ಸುಳ್ಳು ಹೇಳೀ ನನಗ?”

“ಏನೂ ಇಲ್ಲ.”

ತಡೆಯದೆ ಬಂತು ಉತ್ತರ. ಎಳ್ಳು ಬೆಲ್ಲದ ದಿನವೂ ಹೀಗೇ ಬಂದಿತ್ತು.

“ರವಿವಾರ ಗೋಡಿ ಒಡಸತೀನಿ. ಆತಿಲ್ಲೊ?” ಅಂದು ಬಸ್ಸಿಗೆ ಹೋದ.

೬ ಫೆಬ್ರುವರಿ
ಈ ಡೈರಿ ಮೊದಲಿನಿಂದ ಓದಿದೆ. ಡಬ್ಬಿಯ ಸುಳ್ಳಿಗೆ ಎಷ್ಟು ಆಶ್ಚರ್ಯಚಿಹ್ನೆ ಹಾಕಿದ್ದೇನೆ! ಮೊದಲ ಸಲ ನೋಡಿದಾಗಲೇ ನೀನೇ ಅಂತ ತೀರ್ಮಾನಿಸಿದೆ ಅಂದಿದ್ದ. ನನ್ನ ಕೈಯ ಸಾರೇ ರುಚಿ ಅಂದಿದ್ದ. ನನ್ನ ಹಾಡು ಕೇಳಿದರೆ ದಣಿವು ಹೋಗುತ್ತದೆ ಅಂದಿದ್ದ. ಇವನ್ನೆಲ್ಲ ಯಾರನ್ನು ಕರೆಸಿ ನೋಡಿಸಲಿ?

ಎಲ್ಲವೂ ನಿಜವೇ ಇರಬಹುದು. ಅದು ಗೊತ್ತಾಗುವ ದಾರಿಯೇ ಇಲ್ಲ ಈಗ.

೯ ಫೆಬ್ರುವರಿ, ಭಾನುವಾರ
ಗೋಡೆ ಒಡೆದಾಯಿತು, ಅರ್ಧ ದಿನದ ಕೆಲಸ. ಮೇಲಿನ ಕೋಣೆಗೆ ಏನೂ ಆಗಲಿಲ್ಲ. ಅತ್ತೆ ಪರದೆ ಹೊಲಿಸಿ ತಂದಿದ್ದಾರೆ, ಮಾವಿನಕಾಯಿ ಬುಟ್ಟಾ ಇರುವುದು. ಅಡುಗೆಕಟ್ಟೆಯಿಂದ ನೇರ ಸೋಫಾ ಕಾಣುತ್ತದೆ. ಋಷಿ ಅಲ್ಲೇ ಕೂತಿದ್ದ. ತಲೆಯೆಲ್ಲ ಧೂಳು, ಮಗುವಿನ ಹಾಗೆ ಕೈ ಬೀಸಿದ.

“ಈಗ ಖುಷಿ ಆತಿಲ್ಲೊ?”

ಎಷ್ಟು ಆಸೆಯಿಂದ ನೋಡುತ್ತಿದ್ದ. ಆ ಮುಖ ಬಾಡುವುದನ್ನು ನೋಡಲಾಗುತ್ತಿರಲಿಲ್ಲ ನನಗೆ.

“ಭಾಳ” ಅಂದೆ. ಒಂದು ಕ್ಷಣವೂ ಹಿಡಿಯಲಿಲ್ಲ. ನನ್ನ ಬಾಯಿಂದಲೂ ಎಷ್ಟು ಸಲೀಸಾಗಿ...